ಗೆರೆ ಮಲಗಿದ ಮನೆ

"ಒಂದೇ ತಿಂಗಳು! ಒಂದೇ ತಿಂಗಳಲ್ಲಿ ಈ ಗುಡ್ಡಾನ ನೆಲಸಮ ಮಾಡದೇ ಹೋದ್ರೆ ನನ್ನನ್ನ ರೀಡಿಂಗ್ ಮಾಮ ಅಂತ ಕರೀಲೇಬೇಡಿ!"

ಊಟದ ಮೇಜಿನ ಮುಂದೆ ನಿಂತು, ಮೊಬೈಲನ್ನು ಬಾವುಟದಂತೆ ಎತ್ತಿ ಹಿಡಿದು ರೀಡಿಂಗ್ ಮಾಮ ಹೀಗೆ ಶಪಥ ಮಾಡಿದಾಗ ಎದುರಿಗಿದ್ದ ಮೂವರಲ್ಲಿ ಒಬ್ಬರೂ ಬೆಚ್ಚಿಬೀಳಲಿಲ್ಲ. ಹೆಂಡತಿ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಮಗಳು ಕಿವಿಗೆ ಸಿಕ್ಕಿಸಿಕೊಂಡಿದ್ದನ್ನು ತೆಗೆಯಲಿಲ್ಲ. ಅಕ್ಕ ಮಾತ್ರ, ತಮ್ಮ ಏನು ಹೇಳಿದರೂ ಕಿವಿಗೊಡುವ ಐವತ್ತು ವರ್ಷದ ಅಭ್ಯಾಸದಿಂದ, "ಯಾವ ಗುಡ್ಡ ಕಣೋ?" ಎಂದು ಕೇಳಿದಳು.

ಮಾಮನ ನಿಜವಾದ ಹೆಸರು ಸಂಬಳದ ಚೀಟಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಇಪ್ಪತ್ತೆಂಟು ವರ್ಷ ವಿದ್ಯುತ್ ಕಚೇರಿಯ ಮೀಟರ್ ರೀಡರ್ ಆಗಿ ಬೀದಿ ಬೀದಿ ಸುತ್ತಿ, ಮೆಟ್ಟಿಲ ಕೆಳಗೆ, ಬಾಗಿಲ ಹಿಂದೆ, ಚಪ್ಪಲಿ ಗೂಡಿನ ಪಕ್ಕ ಅಡಗಿ ಕೂತ ಮೀಟರುಗಳ ಮುಂದೆ ಬಗ್ಗಿ ಅಂಕಿ ಬರೆದುಕೊಂಡವನಿಗೆ ಬೀದಿಯ ಮಕ್ಕಳು ಇಟ್ಟ ಹೆಸರೇ ಖಾಯಂ ಆಯಿತು. "ಮೀಟರ್ ತೋರ್ಸಿ, ನಿಮ್ಮನೆ ಕಥೆ ಹೇಳ್ತೀನಿ" ಎನ್ನುತ್ತಿದ್ದ. ಹೇಳುತ್ತಲೂ ಇದ್ದ! ಯೂನಿಟ್ ಏರಿದ್ದರೆ "ಮನೆಗೆ ಮಗು ಬಂತಾ?" ಎನ್ನುವನು. ಇಳಿದಿದ್ದರೆ "ಮಗ ಹಾಸ್ಟೆಲಿಗೆ ಹೋದ್ನಾ?" ಎನ್ನುವನು. ಹತ್ತಕ್ಕೆ ಎಂಟು ಸಲ ಸರಿಯಾಗಿರುತ್ತಿತ್ತು. ಉಳಿದೆರಡನ್ನು ಅವನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಅವನ ಬಾಳಿನ ಮಹಾ ಪರಾಕ್ರಮವೊಂದಿತ್ತು. ಹಿಂದೊಮ್ಮೆ ಒಂದು ಹಿಂಬೀದಿಯ ಮನೆಯಲ್ಲಿ ಮೀಟರಿನ ಚಕ್ರ ನಿಂತುಹೋಗಿತ್ತು. ಫ್ರಿಜ್ ಇರುವ ಮನೆಯ ಚಕ್ರ ಹೀಗೆ ಅಲುಗಾಡದೆ ನಿಲ್ಲುವುದುಂಟೇ? ಬೇರೆಯವನಾಗಿದ್ದರೆ ಅಂಕಿ ಬರೆದುಕೊಂಡು ಮುಂದೆ ನಡೆಯುತ್ತಿದ್ದ. ಮಾಮ ಬಾಗಿಲು ತಟ್ಟಿದ, ಕೂಗಿದ, ಅಕ್ಕಪಕ್ಕದವರನ್ನು ಸೇರಿಸಿ ಬಾಗಿಲು ಮುರಿಸಿದ. ಒಳಗೆ ಒಂಟಿ ಮುದುಕರೊಬ್ಬರು ಕರೆಂಟಿನ ಶಾಕ್ ಹೊಡೆದು, ಫ್ಯೂಸೂ ಹಾರಿ, ಬಚ್ಚಲಲ್ಲಿ ಬಿದ್ದಿದ್ದರು. ಇನ್ನೂ ಉಸಿರಿತ್ತು, ಬದುಕಿಕೊಂಡರು. ಕಚೇರಿ ಕೊಟ್ಟ ಪ್ರಶಂಸಾಪತ್ರ ಕಟ್ಟು ಹಾಕಿಸಿಕೊಂಡು ನಡುಮನೆಯ ಗೋಡೆ ಏರಿತು. ಅಂದಿನಿಂದ, ಬಂದವರಿಗೆಲ್ಲ ಮೊದಲು ಕಥೆ, ಆಮೇಲೆ ಚಹಾ! ಕಥೆಯ ಕೊನೆಗೆ ಬೆರಳೆತ್ತಿ ಹೇಳುವ ಮಾತೂ ಒಂದೇ: "ಚಕ್ರ ನಿಂತ್ರೆ ಅಂಕಿ ಬರೀಬಾರ್ದು, ಬಾಗಿಲು ತಟ್ಟಬೇಕು!"

ಆಮೇಲೆ ಸ್ಮಾರ್ಟ್ ಮೀಟರ್ ಬಂತು. ಅರ್ಧ ಗಂಟೆಗೊಮ್ಮೆ ತನ್ನ ಅಂಕಿಯನ್ನು ತಾನೇ ಕಚೇರಿಗೆ ಕಳಿಸುವ ಡಬ್ಬಿ. ಅದಕ್ಕೆ ಚಕ್ರವೂ ಇಲ್ಲ, ಅದರ ಮುಂದೆ ಬಗ್ಗುವವನೂ ಬೇಡ. ಮಾಮನ ಟಾರ್ಚು, ರೀಡಿಂಗ್ ಪುಸ್ತಕ ಎರಡನ್ನೂ ವಾಪಸು ತೆಗೆದುಕೊಂಡು ಅವನಿಗೊಂದು ಕುರ್ಚಿ, ಒಂದು ಕಂಪ್ಯೂಟರ್ ಕೊಟ್ಟರು. ಮೊದಲ ದಿನ ಮನೆಗೆ ಬಂದವನು ಷೂ ಕಳಚಿ ಅದರ ತಳವನ್ನೇ ನೋಡುತ್ತಾ ಕೂತಿದ್ದ. ಧೂಳೇ ಇರಲಿಲ್ಲ. "ಇವತ್ತು ಒಬ್ರೂ ನೀರು ಬೇಕಾ ಅಂತ ಕೇಳ್ಲಿಲ್ಲ ಅಕ್ಕ" ಎಂದಿದ್ದ. ಅಕ್ಕ ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟಿದ್ದಳು.

ಹೊಸ ಕೆಲಸವೆಂದರೆ ಜನರಿಗೆ ತಿಳಿವಳಿಕೆ ಹೇಳುವುದು. ಮೊದಲೆಲ್ಲ ಕರೆಂಟಿಗೆ ಹಗಲೂ ಒಂದೇ ದರ, ರಾತ್ರಿಯೂ ಒಂದೇ ದರ. ಈಗ ಯಾವ ಮನೆ ಯಾವ ಹೊತ್ತಿನಲ್ಲಿ ಎಷ್ಟು ಉರಿಸಿತು ಎಂಬುದು ಗೊತ್ತಾಗುವುದರಿಂದ ಹೊತ್ತಿಗೊಂದು ದರ. ಬಿಸಿಲಿನಿಂದ ಕರೆಂಟ್ ಧಾರಾಳವಾಗಿ ಹುಟ್ಟುವ ಹಗಲು ಹತ್ತರಿಂದ ನಾಲ್ಕು ಅಗ್ಗದ ಹೊತ್ತು. ಊರಿಗೆ ಊರೇ ಮನೆ ಸೇರಿ ಸ್ವಿಚ್ ಒತ್ತುವ ಸಂಜೆ ಆರರಿಂದ ಹತ್ತು ದುಬಾರಿ ಹೊತ್ತು. ಕೆಲಸಗಳನ್ನು ಹಗಲಿಗೆ ತಳ್ಳಿ ಎಂದು ಮಾಮ ಊರಿಗೆಲ್ಲ ಕರಪತ್ರ ಹಂಚಬೇಕು. ಹಂಚುವ ಮುಂಚೆ ತನ್ನ ಮನೆಯ ಕರೆಂಟ್ ಬಳಕೆಯ ಗೆರೆ ಹೇಗಿದೆ ನೋಡೋಣವೆಂದು ಮೊಬೈಲಿನಲ್ಲಿ ತೆರೆದ. ಸಂಜೆ ಏಳಕ್ಕೆ ಗೆರೆ ಗುಡ್ಡದಂತೆ ಎದ್ದಿತ್ತು!

"ಈ ಮನೇಲಿ ಒಬ್ಬ ಕಳ್ಳ ಇದ್ದಾನೆ. ದಿನಾ ಏಳು ಗಂಟೆಗೆ ಬರ್ತಾನೆ. ಹಿಡೀತೀನಿ!" ಎಂದ ಮಾಮ.

"ಹಿಡೀರಿ. ಹಿಡಿದ ಮೇಲೆ ಪಾತ್ರೆ ತೊಳೆಯೋಕೆ ಹಚ್ಚಿ" ಎಂದಳು ಹೆಂಡತಿ. ಅವಳು ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ನರ್ಸ್. ಸಾವಿರ ರೋಗಿಗಳನ್ನು ಕಂಡವಳು ಗಂಡನ ಶಪಥಕ್ಕೆಲ್ಲ ಹೆದರುವವಳಲ್ಲ.

ಮರುದಿನವೇ ವೇಳಾಪಟ್ಟಿ ಸಿದ್ಧವಾಯಿತು. ಬಟ್ಟೆ ಒಗೆಯುವ ಯಂತ್ರಕ್ಕೆ ಮಟಮಟ ಮಧ್ಯಾಹ್ನ ಹನ್ನೆರಡರ ಮುಹೂರ್ತ. ಆ ಹೊತ್ತಿಗೆ ಮನೆಯಲ್ಲಿ ನರಪಿಳ್ಳೆಯೂ ಇರುವುದಿಲ್ಲವಾದ್ದರಿಂದ ಬೆಳಗ್ಗೆಯೇ ಬಟ್ಟೆ ತುಂಬಿ ಟೈಮರ್ ತಿರುಗಿಸಿದ. ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿದ. ಸಿಕ್ಕಿದ್ದು ಹೆಂಡತಿಯ ನಾಲ್ಕು ಬಿಳಿ ಕೋಟುಗಳು, ಜೊತೆಗೆ ಮಗಳ ಹೊಸ ಕೆಂಪು ಲಂಗ! ಸಂಜೆ ಯಂತ್ರದ ಬಾಗಿಲು ತೆರೆದ ಹೆಂಡತಿ ಒಂದು ಕೋಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ತಿಳಿ ಗುಲಾಬಿ.

"ರೀ, ನಾಳೆ ನಾನು ವಾರ್ಡಿಗೆ ಹೋಗ್ಬೇಕೋ, ನಾಟಕಕ್ಕೆ ಹೋಗ್ಬೇಕೋ?"

"ಬಣ್ಣದ ಮಾತು ಬಿಡೇ, ದರ ನೋಡು! ಅಗ್ಗದ ಹೊತ್ತಲ್ಲಿ ಒಗೆದಿದ್ದು!"

"ಅಗ್ಗವಾಗಿ ಹಾಳಾಯ್ತು ಅನ್ನಿ."

ಅಷ್ಟಾದರೂ ಏಳು ಗಂಟೆಯ ಗುಡ್ಡ ಕರಗಲಿಲ್ಲ. ಮಾಮ ಮಗಳ ಕೂದಲು ಒಣಗಿಸುವ ಯಂತ್ರವನ್ನು ಜಫ್ತಿ ಮಾಡಿದ. ಅದರ ಮರುದಿನ ಅವಳು ಒದ್ದೆ ತಲೆಯಲ್ಲೇ ಕಾಲೇಜಿಗೆ ಹೋಗಿ, ನೆಗಡಿ ಹಿಡಿಸಿಕೊಂಡು ಬಂದಳು. ಗುಡ್ಡ ಅಲ್ಲೇ ಇತ್ತು. ಮಿಕ್ಸಿಯನ್ನು ಬೀರುವಿನ ಮೇಲೆ ಹತ್ತಿಸಿದ. ಇಳಿಸುವಾಗ ಅದು ಅವನ ಕಾಲ ಮೇಲೇ ಇಳಿಯಿತು. ಕುಂಟುತ್ತಾ ಬಂದು ಮೊಬೈಲ್ ನೋಡಿದರೆ ಗುಡ್ಡ ಜಗ್ಗದೆ ಕೂತಿತ್ತು! ಕೊನೆಗೆ ಒಂದು ಸಂಜೆ ಏಳಕ್ಕೆ ಸರಿಯಾಗಿ, ಬರಿಗಾಲಲ್ಲಿ, ಕಳ್ಳಹೆಜ್ಜೆಯಿಟ್ಟು ಕೋಣೆ ಕೋಣೆ ತಪಾಸಣೆಗೆ ಹೊರಟ.

ಹಿಂದಿನ ಕೋಣೆಯಲ್ಲಿ ಅಕ್ಕ ನಿಂತಿದ್ದಳು. ಅವಳಿಗೆ ಹಗಲೆಲ್ಲ ದರ್ಜಿ ಅಂಗಡಿಯಲ್ಲಿ ದುಡಿಮೆ. ಸಂಜೆ ಮನೆಗೆ ಬಂದಮೇಲೆ ಬೀದಿಯವರ ಬಟ್ಟೆ ಹೊಲಿದು, ಇಸ್ತ್ರಿ ಹಾಕಿ ಕೊಡುತ್ತಿದ್ದಳು. ಜನ ಬರುವುದೂ ಕೆಲಸ ಮುಗಿಸಿಕೊಂಡು ಸಂಜೆಗೇ. ಅವಳ ಕೈಯಲ್ಲಿದ್ದದ್ದು ಹಳೇ ಕಾಲದ, ಮಣಭಾರದ ಇಸ್ತ್ರಿ ಪೆಟ್ಟಿಗೆ. ಇಪ್ಪತ್ತೆಂಟು ವರ್ಷದ ಹಿಂದೆ ಮೊದಲ ಸಂಬಳದಲ್ಲಿ ತಮ್ಮ ತಂದುಕೊಟ್ಟದ್ದು.

"ಸಿಕ್ಕಿಬಿದ್ಳು ಕಳ್ಳಿ!" ಎಂದು ಮಾಮ ಮನೆಯೆಲ್ಲ ಕೇಳುವಂತೆ ಕೂಗಿದ. "ಬನ್ರೇ, ನೋಡಿ! ನಮ್ಮನೆ ಗುಡ್ಡದ ತುದೀಲಿ ನಿಂತಿರೋಳು ಅಕ್ಕ!"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಗುತ್ತಲೇ ಪ್ಲಗ್ ಕಿತ್ತಳು, ವೈರನ್ನು ಪೆಟ್ಟಿಗೆಗೆ ಸುತ್ತಿದಳು. ಅರ್ಧ ಇಸ್ತ್ರಿಯಾದ ಅಂಗಿಯನ್ನು ಹಾಗೇ ಮಡಿಸಿಟ್ಟಳು. "ಗೊತ್ತಿರ್ಲಿಲ್ಲ ಕಣೋ" ಎಂದಷ್ಟೇ ಅಂದಳು.

ತಾಯಿ ತೀರಿಕೊಂಡಾಗ ತಮ್ಮನಿಗೆ ಐದು, ಅಕ್ಕನಿಗೆ ಹದಿನಾರು. ಹೊಲಿಗೆ ಯಂತ್ರ ತುಳಿದು ತುಳಿದು ಅವನನ್ನು ಓದಿಸಿದವಳು ಅವಳೇ. ಅವನು ಕೆಲಸಕ್ಕೆ ಸೇರಿದ ದಿನ ರೀಡಿಂಗ್ ಪುಸ್ತಕ ಹಿಡಿಯುವಷ್ಟು ದೊಡ್ಡ ಜೇಬಿನ ಖಾಕಿ ಅಂಗಿ ಹೊಲಿದು ತೊಡಿಸಿದವಳೂ ಅವಳೇ. ಇದೆಲ್ಲ ಮಾಮನಿಗೆ ಗೊತ್ತಿಲ್ಲವೆಂದಲ್ಲ. ಆ ಸಂಜೆ ನೆನಪಾಗಲಿಲ್ಲ, ಅಷ್ಟೆ. ಅವನ ಕಣ್ಣೆಲ್ಲ ಮೊಬೈಲಿನ ಮೇಲಿತ್ತು.

ಮರುದಿನದಿಂದ ಪವಾಡ! ಅಕ್ಕ ಸಂಜೆಯಾದರೆ "ಕಾಲು ಜೋಮು ಹಿಡಿಯುತ್ತೆ, ಹಾಗೇ ಒಂದು ಸುತ್ತು ಹೋಗ್ಬರ್ತೀನಿ" ಎಂದು ಚೀಲ ಹೆಗಲಿಗೇರಿಸಿ ಹೊರಡತೊಡಗಿದಳು. ಮಗಳು ಪಕ್ಕದ ಮನೆಯ ಗೆಳತಿಯ ಜೊತೆ ಓದತೊಡಗಿದಳು. ಹೆಂಡತಿ ಬೆಳಗಿನ ಪಾಳಿ ಬಿಟ್ಟು ಸಂಜೆ ಪಾಳಿ ಕೇಳಿ ಹಾಕಿಸಿಕೊಂಡಳು. ಮಾಮನೂ ಸಂಜೆಗಳಲ್ಲಿ ಬೀದಿ ಬೀದಿ ಕರಪತ್ರ ಹಂಚುತ್ತಾ ಹತ್ತಕ್ಕೆ ಮನೆ ಸೇರುತ್ತಿದ್ದ. ಎಷ್ಟೋ ದಿನಗಳ ಮೇಲೆ ಷೂ ತಳಕ್ಕೆ ಧೂಳು ಹತ್ತಿತ್ತು, ಮೂರ್ನಾಲ್ಕು ಮನೆಗಳಲ್ಲಿ ನೀರೂ ಕೊಟ್ಟಿದ್ದರು. ಅವನ ಸಂತೋಷಕ್ಕೆ ಪಾರವೇ ಇರಲಿಲ್ಲ.

ಇಪ್ಪತ್ತನೇ ದಿನ ಹೆಂಡತಿ ಬ್ಯಾಗು ಹಿಡಿದು ಪಾಳಿಗೆ ಹೊರಡುವಾಗ ಅಡ್ಡ ನಿಂತು ಮೊಬೈಲ್ ತೋರಿಸಿದ. "ನೋಡೇ! ಆರರಿಂದ ಹತ್ತು. ಗೆರೆ ಹೇಗೆ ಮಲಗಿದೆ ನೋಡು!"

ಹೆಂಡತಿ ನೋಡಿದಳು. "ನಮ್ ವಾರ್ಡಲ್ಲಿ ಗೆರೆ ಹೀಗೆ ಮಲಗಿದ್ರೆ ಮುಖದ ಮೇಲೆ ಬಟ್ಟೆ ಎಳೀತೀವಿ ಕಣ್ರೀ" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದಳು.

ಹೊಟ್ಟೆಕಿಚ್ಚು ಎಂದುಕೊಂಡ ಮಾಮ.

ಕಚೇರಿಯಲ್ಲಿ ಸುದ್ದಿ ಸಾಹೇಬರವರೆಗೂ ಹೋಯಿತು. ನಾಲ್ಕು ಸಾವಿರ ಮನೆಗಳಲ್ಲಿ ದುಬಾರಿ ಹೊತ್ತಿನ ಬಳಕೆಯನ್ನು ಇಷ್ಟು ಇಳಿಸಿದ ಮನೆ ಇನ್ನೊಂದಿಲ್ಲ! "ಮಾದರಿ ಮನೆ" ಎಂದು ಭಿತ್ತಿಪತ್ರ ಹಾಕಿಸೋಣ, ದುಬಾರಿ ಹೊತ್ತಿನಲ್ಲಿ ಕುಟುಂಬ ಹೇಗೆ ನಗುನಗುತ್ತಾ ಇರುತ್ತದೆ ಎಂದು ಒಂದು ಫೋಟೋ ತೆಗೆಸೋಣ ಎಂದರು ಸಾಹೇಬರು. ಅವತ್ತೇ ಸಂಜೆ ಏಳಕ್ಕೆ ಜೀಪು ಹೊರಟಿತು. ಜೀಪಿನಲ್ಲಿ ಸಾಹೇಬರು, ಫೋಟೋದವನು, ನಡುವೆ ಮದುಮಗನಂತೆ ಮಾಮ.

ಮನೆಗೆ ಬೀಗ ಹಾಕಿತ್ತು. ಕಿಟಕಿಯಲ್ಲೂ ಬೆಳಕಿರಲಿಲ್ಲ.

"ಎಲ್ರೀ ಕುಟುಂಬ?" ಎಂದರು ಸಾಹೇಬರು.

"ಇಲ್ಲೇ ಎಲ್ಲೋ ಸಾರ್... ಈಗ ಬರ್ತಾರೆ" ಎಂದು ಮಾಮ ತಡವರಿಸುತ್ತಿರುವಾಗಲೇ ಎದುರುಮನೆಯಾಕೆ ಹೊರಗೆ ಬಂದಳು. "ಯಾರೂ ಇರಲ್ಲ ಮಾಮ ಈ ಹೊತ್ತಲ್ಲಿ. ನಿಮಗೆ ಗೊತ್ತಿಲ್ವಾ? ನಿಮ್ಮಕ್ಕ ಬಸ್ ಸ್ಟಾಪಲ್ಲಿ ಇರ್ತಾರೆ. ನಾನೂ ಒಂದು ಅಂಗಿ ಕೊಡ್ಬೇಕಿತ್ತು, ಹೋಗ್ತಿದ್ರೆ ತಗೊಂಡೋಗಿ" ಎಂದು ಪೊಟ್ಟಣವನ್ನು ಜೀಪಿನೊಳಗೆ ತೂರಿಸಿಯೇಬಿಟ್ಟಳು!

ಬಸ್ ಸ್ಟಾಪಿನ ತಂಗುದಾಣದಲ್ಲಿ ಬೆಳ್ಳನೆಯ ದೀಪದ ಕೆಳಗೆ, ಕಲ್ಲುಬೆಂಚಿನ ತುದಿಯಲ್ಲಿ ಅಕ್ಕ ಕೂತಿದ್ದಳು. ತೊಡೆಯ ಮೇಲೆ ಯಾರದೋ ಅಂಗಿ, ಬಾಯಲ್ಲಿ ದಾರ. ಪಕ್ಕದಲ್ಲಿ ಬಟ್ಟೆ ಹಿಡಿದ ಇಬ್ಬರು ಹೆಂಗಸರು. ಕಾಲಿನ ಬಳಿ ಗುಂಡಿಗಳ ಡಬ್ಬಿ. ಬಸ್ಸು ಬಂದು ಹೊಗೆಯುಗುಳಿ ಹೋಯಿತು. ಅವಳು ತಲೆಯೆತ್ತಲಿಲ್ಲ.

"ಏನಮ್ಮಾ, ಇಲ್ಲಿ ಕೂತು ಹೊಲೀತಿದ್ದೀರಿ? ಮನೆ ಇಲ್ವಾ?" ಎಂದರು ಸಾಹೇಬರು. ಇವಳೇ ಮಾಮನ ಅಕ್ಕನೆಂದು ಅವರಿಗೆ ಇನ್ನೂ ಹೊಳೆದಿರಲಿಲ್ಲ.

"ಮನೆ ಇದೆ ಸಾರ್. ಮನೇಲಿ ಈ ಹೊತ್ತು ದುಬಾರಿ. ಇಲ್ಲಿ ಬೆಳಕು ಬಿಟ್ಟಿ." ಅಕ್ಕ ತಲೆಯೆತ್ತಿ ಅವರ ಎದೆಯತ್ತ ನೋಡಿದಳು. "ನಿಮ್ಮ ಎರಡನೇ ಗುಂಡಿ ಸಡಿಲ ಆಗಿದೆ. ಹಾಗೇ ನಿಲ್ಲಿ, ಒಂದ್ನಿಮಿಷ" ಎಂದು ನಿಂತ ನಿಲುವಿನಲ್ಲೇ ಹಾಕಿಕೊಟ್ಟಳು. ಆಗ ಅವರ ಬೆನ್ನಹಿಂದೆ ತಮ್ಮ ಕಂಡ. ಅವಳ ಮುಖ ಹುಳ್ಳಗಾಯಿತು. ಫೋಟೋದವನು ಯಾರ ಅಪ್ಪಣೆಗೂ ಕಾಯದೆ ಕ್ಲಿಕ್ ಎನ್ನಿಸಿದ!

ಸಾಹೇಬರು ಗುಂಡಿ ಮುಟ್ಟಿ ನೋಡಿಕೊಂಡು ಜೀಪು ಹತ್ತಿದರು. ಅದೇ ಮಾಮನಿಗೆ ಹೆಚ್ಚು ಉರಿಯಿತು. ಜೀಪು ಹೋದಮೇಲೆ ಅಕ್ಕನ ಚೀಲ ತಾನು ಹೊತ್ತು ಮನೆಯತ್ತ ನಡೆಯುತ್ತಾ, ಆಡಬಾರದ ಮಾತು ಆಡಿಬಿಟ್ಟ.

"ನನ್ನ ಮಾನ ಮೂರಾಬಟ್ಟೆ ಮಾಡಿದೆಯಲ್ಲ ಅಕ್ಕ! ಎಲ್ಲರ ಮುಂದೆ ಭಿಕ್ಷೆಗೆ ಕೂತೋಳ ಹಾಗೆ! ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

ಅಕ್ಕ ದಾರಿಯುದ್ದಕ್ಕೂ ಮುಂದೆ ನಡೆದಳು. ಮನೆ ಬಂದಾಗ "ಚೀಲ ಕೊಡು" ಎಂದಳು.

ಅದಾದ ಎಂಟನೇ ದಿನ ಹೊಲಿಗೆ ಯಂತ್ರ ಆಟೋ ಏರಿತು. ಅಂಗಡಿಯ ಇಬ್ಬರು ದರ್ಜಿ ಹೆಂಗಸರು ಊರಿನ ಆ ತುದಿಯಲ್ಲಿ ರೂಮು ಹಿಡಿದಿದ್ದಾರೆ, ಮೂರನೆಯವಳಾಗಿ ತಾನೂ ಹೋಗುತ್ತೇನೆ ಎಂದಳು ಅಕ್ಕ. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಹೆಂಡತಿ "ಅತ್ತಿಗೆ, ಇವರ ಮಾತು ಯಾವಾಗ ಲೆಕ್ಕಕ್ಕಿತ್ತು ಹೇಳಿ, ಹೋಗ್ಬೇಡಿ" ಎಂದು ಕೈ ಹಿಡಿದಳು. ಮಗಳು "ಅತ್ತೇ" ಎಂದು ಅತ್ತಳು. ಮಾಮ ಮಾತ್ರ ಆಟೋದವನ ಜೊತೆ ಯಂತ್ರವನ್ನು ಹಗ್ಗದಲ್ಲಿ ಬಿಗಿಯುತ್ತಾ, "ಭದ್ರ, ಭದ್ರ, ಗಾಲಿ ಬಗ್ಗೀತು" ಎನ್ನುತ್ತಿದ್ದ. ಹೋಗಬೇಡ ಎಂಬ ಮಾತು ಗಂಟಲಿಗೆ ಬಂದದ್ದು ಆಟೋ ತಿರುವು ದಾಟಿದ ಮೇಲೆ. ಅದನ್ನು ಕೇಳಿಸಿಕೊಳ್ಳಲು ಅಲ್ಲಿ ಎದುರುಮನೆಯಾಕೆಯ ಬೆಕ್ಕು ಮಾತ್ರ ಇತ್ತು.

ಅವತ್ತಿನಿಂದ ಮನೆಯಲ್ಲಿ ಏಳಕ್ಕೆ ಎಲ್ಲ ದೀಪಗಳೂ ಉರಿಯತೊಡಗಿದವು. ವೇಳಾಪಟ್ಟಿಯನ್ನು ಹೆಂಡತಿ ಹರಿದು ಒಲೆ ಒರೆಸಿದಳು. ಅಕ್ಕನನ್ನು ಹೋಗಿ ನೋಡಬೇಕೆಂದು ಜೀವ ಹಾತೊರೆಯುತ್ತಿತ್ತು, ಆದರೆ ಯಾವ ಮುಖ ಹೊತ್ತು ಹೋಗುವುದು? ಆಗ ಹೊಳೆಯಿತು. ಕುರ್ಚಿಯ ಮುಂದೆ ಕಂಪ್ಯೂಟರಿದೆ! ವಿಳಾಸ ಹಾಕಿ ಹುಡುಕಿದ. ಅಕ್ಕನ ರೂಮಿನ ಗೆರೆ ಸಿಕ್ಕಿತು. ಸಂಜೆ ಏಳಕ್ಕೆ, ಚಾಚೂ ತಪ್ಪದೆ, ಅದೇ ಗುಡ್ಡ ಎದ್ದಿತ್ತು. ಅದು ಅಕ್ಕನ ಇಸ್ತ್ರಿಯೇ! ಅಷ್ಟು ದಪ್ಪನೆಯ ಗುಡ್ಡ ಎಬ್ಬಿಸುವ ಪೆಟ್ಟಿಗೆ ಊರಲ್ಲಿ ಇನ್ನೊಂದಿರಲಿಲ್ಲ.

ದಿನಾ ಎಲ್ಲರೂ ಮನೆಗೆ ಹೊರಟರೂ ಮಾಮ ಕೂತಿರುತ್ತಿದ್ದ. ಕ್ಯಾಷಿಯರ್ "ಏನ್ ಮಾಮ, ಓವರ್‌ಟೈಮಾ?" ಎಂದು ಕೆಣಕಿದರೆ "ಹೂಂ ಕಣಪ್ಪ, ನಮ್ಮಕ್ಕ ಬರೋ ಹೊತ್ತಾಯ್ತು" ಎನ್ನುತ್ತಿದ್ದ. ಪರದೆಯ ಮೇಲೆ ಗುಡ್ಡ ಏಳುತ್ತಿತ್ತು. ಅಕ್ಕ ಇದ್ದಾಳೆ, ಕೈಕಾಲು ಆಡುತ್ತಿವೆ. ಮಾಮ ಕಂಪ್ಯೂಟರ್ ಆರಿಸಿ ಮನೆಗೆ ಹೋಗುತ್ತಿದ್ದ. ಹೀಗೆ ಎರಡು ತಿಂಗಳು ಕಳೆಯಿತು.

ಒಂದು ಸಂಜೆ ಏಳಾಯಿತು, ಗುಡ್ಡ ಏಳಲಿಲ್ಲ. ಏಳೂವರೆಯಾಯಿತು. ಗೆರೆ ಮಲಗಿಯೇ ಇತ್ತು. ದೀಪದ್ದೂ ಇಲ್ಲ, ಫ್ಯಾನಿನದ್ದೂ ಇಲ್ಲ.

ಮಾಮ ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಕೊಡೆ ಬಿಟ್ಟ, ಊಟದ ಡಬ್ಬಿ ಬಿಟ್ಟ. ಬಸ್ಸಿಗೆ ಕಾಯಲಿಲ್ಲ. ಐವತ್ತು ದಾಟಿದ ದೇಹ, ಮಿಕ್ಸಿ ಬಿದ್ದ ಕಾಲು, ಆದರೂ ಓಡಿದ. ಹೆಂಡತಿಯ ಮಾತು ಬೆನ್ನಟ್ಟಿ ಬರುತ್ತಿತ್ತು: ಗೆರೆ ಹೀಗೆ ಮಲಗಿದ್ರೆ... ಎರಡನೇ ಮಹಡಿಗೆ ಮೆಟ್ಟಿಲು ಏರುವಾಗ ಅಂಗಿಯ ಗುಂಡಿ ಕಂಬಿಗೆ ಸಿಕ್ಕಿ ಕಿತ್ತುಹೋಯಿತು. ಬಾಗಿಲನ್ನು ಎರಡೂ ಕೈಯಿಂದ ಬಡಿದ.

"ಅಕ್ಕಾ! ಅಕ್ಕಾ! ಬಾಗಿಲು ತೆಗಿಯೇ!"

ಬಾಗಿಲು ತೆರೆಯಿತು. ಒಳಗೆ ಮಬ್ಬುಗತ್ತಲು. ಅಕ್ಕ ಎದುರು ನಿಂತಿದ್ದಳು, ಕಲ್ಲುಗುಂಡಿನ ಹಾಗೆ!

"ಏನಾಯ್ತೋ? ಮನೇಲಿ ಎಲ್ಲ ಆರಾಮಾ?"

"ಇಸ್ತ್ರಿ..." ಮಾಮನಿಗೆ ಉಸಿರು ಸಿಗಲಿಲ್ಲ. "ಏಳು ಗಂಟೆಗೆ... ಇಸ್ತ್ರಿ ಯಾಕೆ ಹಾಕ್ಲಿಲ್ಲ ನೀನು?"

"ಇಸ್ತ್ರಿನಾ? ಇವತ್ತಿಂದ ಹಗಲಲ್ಲೇ ಕಣೋ. ಅಂಗಡಿ ಬಿಟ್ವಿ, ಮೂವರೂ ಇಲ್ಲೇ ಹೊಲೀತೀವಿ. ಹನ್ನೊಂದಕ್ಕೆಲ್ಲ ಇಸ್ತ್ರಿ ಮುಗೀತು. ಅವರಿಬ್ರೂ ಬಟ್ಟೆ ಕೊಡೋಕೆ ಹೋಗಿದ್ದಾರೆ." ಅಕ್ಕ ಗೋಡೆಯತ್ತ ಕೈ ತೋರಿಸಿದಳು. ಹೊರಗಿನ ಬೀದಿದೀಪದ ಬೆಳಕಿನಲ್ಲಿ ಅಲ್ಲಿ ಅಂಟಿಸಿದ್ದ ಕರಪತ್ರ ಕಂಡಿತು. ಹತ್ತರಿಂದ ನಾಲ್ಕು ಎಂಬುದರ ಕೆಳಗೆ ಮಾಮನೇ ಎಳೆದ ಕೆಂಪು ಗೆರೆ. "ನೀನೇ ಕೊಟ್ಟಿದ್ದಲ್ವೇನೋ."

ಹಗಲಿನ ಗೆರೆಯತ್ತ ಕಣ್ಣೇ ಹಾಯಿಸಿರದ ಮಾಮ ಗೋಡೆಗೊರಗಿ ಕೂತ. ಎಲ್ಲವನ್ನೂ ಹೇಳಿದ. ದಿನಾ ಕಂಪ್ಯೂಟರಿನಲ್ಲಿ ನೋಡುತ್ತಿದ್ದುದನ್ನೂ ಹೇಳಿದ.

"ದಿನಾ ನೋಡ್ತಿದ್ಯಾ? ನಾನು ಕಾಣಿಸ್ತಿದ್ನಾ ಅದ್ರಲ್ಲಿ?"

"ಇಲ್ಲ ಅಕ್ಕ. ಇಸ್ತ್ರಿ ಕಾಣಿಸ್ತಿತ್ತು."

ಅಕ್ಕ ನಕ್ಕಳು. ನಕ್ಕದ್ದು ಅರ್ಧಕ್ಕೇ ನಿಂತಿತು. ಸೆರಗಿನಲ್ಲಿ ಮೂಗೊರೆಸಿಕೊಂಡು, ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

"ಮನೆಗೆ ಬಾ ಅಕ್ಕ" ಎಂದ ಮಾಮ. ಮಾತು ಎರಡು ತಿಂಗಳು ತಡವಾಗಿ ಬಂದಿತ್ತು.

"ಬರ್ತೀನಿ, ಒಂದಿನ ಊಟಕ್ಕೆ. ಇರೋಕಲ್ಲ ಕಣೋ. ಇಲ್ಲಿ ಪ್ಲಗ್ ಹಾಕುವಾಗ ಯಾರು ನೋಡ್ತಾರೋ ಅಂತ ಹಿಂದೆ ತಿರುಗಬೇಕಾಗಿಲ್ಲ." ಅಷ್ಟು ಹೇಳಿ ಅವನ ಎದೆಯತ್ತ ಬಗ್ಗಿದಳು. "ಗುಂಡಿ ಎಲ್ಲೋ? ಅಂಗಿ ಬಿಚ್ಚು, ಹಾಕ್ಕೊಡ್ತೀನಿ. ಕತ್ತಲಲ್ಲಿ ಸೂಜಿಗೆ ದಾರ ಏರಲ್ಲ ನನಗೆ. ದೀಪ ಹಾಕ್ಲಾ? ದುಬಾರಿ ಹೊತ್ತು."

"ನಾನೇ ಹಾಕ್ತೀನಿ!" ಎಂದು ಮಾಮ ಧಡಕ್ಕನೆ ಎದ್ದ. ಗೋಡೆ ತಡವಿದ. ಬಾಗಿಲ ಎಡಕ್ಕೆ ತಡವಿದ, ಕರಪತ್ರದ ಪಕ್ಕ ತಡವಿದ. ಊರಿನ ನಾಲ್ಕು ಸಾವಿರ ಮನೆಗಳ ಕರೆಂಟಿನ ಜಾತಕ ಬಲ್ಲ ರೀಡಿಂಗ್ ಮಾಮನಿಗೆ ಅಕ್ಕನ ಮನೆಯ ಒಂದು ಸ್ವಿಚ್ ಸಿಗಲಿಲ್ಲ.

"ಬಲಗಡೆ ಕಣೋ, ಬಾಗಿಲ ಹಿಂದೆ" ಎಂದಳು ಅಕ್ಕ ಕತ್ತಲಿನಿಂದ. "ಒಂದ್ಸಲ ಬಂದಿದ್ರೆ ಗೊತ್ತಾಗ್ತಿತ್ತು."